ಗೋಡೆಯಾಚೆಯ ಜನರೇಟರ್

ವಡೋದರಾದ ಆ ಮನೆಯಲ್ಲಿ ಬೆಳಿಗ್ಗೆ ಎಚ್ಚರವಾದ ಕೂಡಲೇ ನಾನು ಕಣ್ಣು ತೆರೆಯುತ್ತಿರಲಿಲ್ಲ. ಮೊದಲು ಕಿವಿ ನಿಮಿರಿಸುತ್ತಿದ್ದೆ. ಅಡುಗೆಮನೆಯಿಂದ ಅವ್ವ ರೊಟ್ಟಿ ಬಡಿಯುವ ಸದ್ದು ಬರಬೇಕು. ಪಟ ಪಟ ಪಟ ಎಂದು ಒಂದೇ ಸಮನೆ ಬಂದರೆ ಅವ್ವನ ಎದೆ ಹಗುರವಾಗಿದೆ ಎಂದರ್ಥ. ನಿಂತು ನಿಂತು ಬಂದರೆ ಉಸಿರು ಬಿಗಿಯಾಗಿದೆ. ಸದ್ದೇ ಇಲ್ಲದಿದ್ದರೆ ನಾನು ಲುಂಗಿ ಸರಿಮಾಡಿಕೊಳ್ಳುತ್ತ ಒಳಗೆ ಓಡುತ್ತಿದ್ದೆ. ಹಾಗೆ ಓಡಿದಾಗಲೆಲ್ಲ ಬಹುಮಟ್ಟಿಗೆ ಅವ್ವ ಹಿಟ್ಟಿಗೆ ಹಾಕುವ ನೀರು ಕುದಿಯಲೆಂದು ಸುಮ್ಮನೆ ಕಾಯುತ್ತ ಕುಳಿತಿರುತ್ತಿದ್ದಳು.

“ಏನಾತೋ?”

“ಏನಿಲ್ಲಬೇ. ನೀರು ಕುಡಿಯಾಕ ಬಂದೆ.”

“ದಿನಾ ಎದ್ದ ಕೂಡ್ಲೆ ಬೆನ್ನ ಹತ್ತಿದಾರ ಅನ್ನೋಹಂಗ ಓಡಿ ಬಂದು ನೀರು ಕುಡಿತಿ. ಸಕ್ಕರಿ ಬ್ಯಾನಿ ಐತೇನು, ತೋರಿಸ್ಕೊ.”

ಅಂದಿನಿಂದ ನನಗೆ ಸಕ್ಕರೆ ಕಾಯಿಲೆಯ ಚಿಂತೆಯೂ ಹತ್ತಿಕೊಂಡಿತು.

ಚಿಂತೆ ನನ್ನ ಹುಟ್ಟುಗುಣ. ಆಗ ಗುಜರಾತಿನ ಆ ದೊಡ್ಡ ಭೂಕಂಪವಾಗಿ ಎರಡು ಮೂರು ವರ್ಷ ಕಳೆದಿತ್ತು. ಜನ ಅದನ್ನು ಮರೆತು ಮನೆಯ ಮೇಲೆ ಮತ್ತೊಂದು ಮಹಡಿ ಏರಿಸುತ್ತಿದ್ದರು. ನಮ್ಮ ಮುಂಬಾಗಿಲ ಪಕ್ಕದಲ್ಲಿ ಮಾತ್ರ ಒಂದು ಚೀಲ ಇನ್ನೂ ಸನ್ನದ್ಧವಾಗಿ ಕುಳಿತಿತ್ತು. ಅದರೊಳಗೆ ಟಾರ್ಚು, ನೀರಿನ ಬಾಟಲಿ, ಬಿಸ್ಕತ್ತು ಮತ್ತು ಅವಶೇಷಗಳ ಅಡಿಯಿಂದ ಊದಲಿಕ್ಕೆ ಒಂದು ಸೀಟಿ. ಮಗಳು ಆ ಸೀಟಿಯನ್ನು ಶಾಲೆಯ ಆಟದ ದಿನಕ್ಕೆ ಒಯ್ದು ಕಳೆದುಕೊಂಡು ಬಂದಾಗ, ಹೊಸದು ತರುವವರೆಗೆ ನನಗೆ ಊಟ ಸೇರಲಿಲ್ಲ.

ಆದರೆ ಅವ್ವನ ದಮ್ಮು ನಾನು ಕಟ್ಟಿಕೊಂಡ ಚಿಂತೆಯಲ್ಲ. ಅದು ನಿಜವಾದದ್ದು. ಅಪ್ಪ ತೀರಿಕೊಂಡ ಮೇಲೆ ಧಾರವಾಡದಿಂದ ನಮ್ಮಲ್ಲಿಗೆ ಬಂದ ಅವ್ವನಿಗೆ ಇಲ್ಲಿಯ ಧೂಳು, ಚಳಿಗಾಲದ ಹೊಗೆ ಆಗಿಬರಲಿಲ್ಲ. ಬಾಯಿಗೆ ಹಿಡಿದು ಒತ್ತುವ ಪಂಪು ಕೊಟ್ಟರೆ ಅವಳಿಗೆ ಒತ್ತುವುದಕ್ಕೂ ಉಸಿರೆಳೆಯುವುದಕ್ಕೂ ತಾಳ ಕೂಡುತ್ತಿರಲಿಲ್ಲ. ಔಷಧಿಯೆಲ್ಲ ಗಾಳಿಗೆ ಹೋಗುತ್ತಿತ್ತು. ಕೊನೆಗೆ ಡಾಕ್ಟರು ನೆಬುಲೈಸರ್ ಬರೆದುಕೊಟ್ಟರು. ಕರೆಂಟಿಗೆ ಸಿಕ್ಕಿಸಿ ಮುಖವಾಡ ಹಾಕಿಕೊಂಡರೆ ಔಷಧಿ ಮಂಜಿನಂತಾಗಿ ಎದೆಗಿಳಿಯುವ ಯಂತ್ರ. ಅವ್ವ ಅದಕ್ಕೆ ಗುರುಗುರು ಡಬ್ಬಿ ಎಂದು ಹೆಸರಿಟ್ಟಳು.

ಗುರುಗುರು ಡಬ್ಬಿ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು, ಕರೆಂಟ್ ಇದ್ದಾಗ. ನಮ್ಮ ಬಡಾವಣೆಯಲ್ಲಿ ವಾರಕ್ಕೊಂದು ಹಗಲು ರಿಪೇರಿಯ ಹೆಸರಲ್ಲಿ ಕರೆಂಟ್ ತೆಗೆಯುತ್ತಿದ್ದರು, ಬೇಸಿಗೆಯಲ್ಲಿ ಹೇಳದೆ ಕೇಳದೆಯೂ ಹೋಗುತ್ತಿತ್ತು. ಅಂಥದೊಂದು ಮೇ ತಿಂಗಳ ಮಧ್ಯಾಹ್ನ ಅವ್ವನಿಗೆ ಉಬ್ಬಸ ಬಂತು. ಯಂತ್ರ ಸತ್ತ ಆಮೆಯಂತೆ ಮೇಜಿನ ಮೇಲಿತ್ತು. ಸುಡುಬಿಸಿಲಲ್ಲಿ ರಿಕ್ಷಾ ಹಿಡಿದು ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ಅವ್ವ ನನ್ನ ಮುಂಗೈ ಹಿಡಿದುಕೊಂಡಿದ್ದಳು. ಅವಳ ಹೆಗಲು ಒಂದೊಂದು ಉಸಿರಿಗೂ ಕಿವಿಯವರೆಗೆ ಏರುತ್ತಿತ್ತು. ಅಲ್ಲಿ ಹೋಗಿ ಎಲ್ಲ ಸರಿಹೋದ ಮೇಲೆ ಅವಳು ಆಡಿದ ಮೊದಲ ಮಾತು, “ನಿನ್ನ ಕೈ ಯಾಕೋ ಇಷ್ಟ ತಣ್ಣಗಾಗೇತಿ?”

ಮನೆಯಲ್ಲಿ ಕರೆಂಟಿಗೆ ಏನಾದರೂ ಬದಲಿ ವ್ಯವಸ್ಥೆ ಮಾಡಿಕೊಳ್ಳಿ ಎಂದರು ಡಾಕ್ಟರು. ಅಲ್ಲಿಂದ ಶುರುವಾಯಿತು.

ಎಲ್ಲರೂ ಇನ್ವರ್ಟರ್ ಹಾಕಿಸು ಎಂದರು. ನಾನು ಆ ಬಗ್ಗೆ ಆಳವಾಗಿ ವಿಚಾರ ಮಾಡಿದೆ. ನಾನು ಆಳವಾಗಿ ವಿಚಾರ ಮಾಡಿದಾಗೆಲ್ಲ ಮನೆಯವರು ಹೆದರುತ್ತಾರೆ. ಇನ್ವರ್ಟರಿಗೆ ಬ್ಯಾಟರಿ ಬೇಕು, ಬ್ಯಾಟರಿಯಲ್ಲಿ ಆಸಿಡ್ ಇರುತ್ತದೆ, ಆಸಿಡ್ಡಿನ ಆವಿ ಅವ್ವನ ಎದೆಗೆ ಹೋದರೆ?

“ಹಂಗಾದ್ರ ಏನ್ ತರ್ತೀರಿ?” ಎಂದು ಕೇಳಿದಳು ಹೆಂಡತಿ.

“ಜನರೇಟರ್.”

ಅವಳು ಏನೋ ಹೇಳಲಿಕ್ಕೆ ಬಾಯಿ ತೆರೆದು ಮುಚ್ಚಿದಳು. ಆಗ ಏನು ಹೇಳಬೇಕೆಂದಿದ್ದಳೆಂದು ನಾನು ಈವರೆಗೆ ಕೇಳಿಲ್ಲ. ಧೈರ್ಯ ಬಂದಿಲ್ಲ.

ನನ್ನ ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ, ಸೂರತ್ತಿನ ಹೊರವಲಯದ ಸಚಿನ್‌ನಲ್ಲಿ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯೊಂದರಲ್ಲಿದ್ದ. ಅವನಿಗೆ ಫೋನು ಮಾಡಿದ್ದೇ ತಪ್ಪಾಯಿತು. “ಅಣ್ಣಾರ, ನೀವು ಹೊಸಾದು ಅನ್ನೋ ಮಾತ ಎತ್ತಬ್ಯಾಡ್ರಿ. ಇಲ್ಲೇ ಬಾಜೂಕ ಉಧ್ನಾದಾಗ ಒಂದು ಮಗ್ಗದ ಶೆಡ್ ಐತಿ. ಅವರ ಹಳೇ ಡೀಜಲ್ ಸೆಟ್ ಕೊಡೋದೈತಿ. ಕಬ್ಬಿಣ ನೋಡ್ರಿ ಅದು, ಅಪ್ಪಟ ಕಬ್ಬಿಣ. ಮೊಮ್ಮಕ್ಕಳ ಕಾಲಕ್ಕೂ ಬರತೈತಿ.” ಕಬ್ಬಿಣ ಎಂಬ ಮಾತು ನನಗೆ ಹಿಡಿಸಿತು. ಮುಂದಿನ ಶನಿವಾರ ನಾನೂ ಹೆಂಡತಿಯೂ ರೈಲು ಹತ್ತಿದೆವು.

ಶೆಡ್ಡಿನೊಳಗೆ ಸಾಲು ಸಾಲು ಮಗ್ಗಗಳು ಓಡುತ್ತಿದ್ದವು. ಅಲ್ಲಿ ಮಾತೆಂದರೆ ತುಟಿ ನೋಡಿ ತಿಳಿದುಕೊಳ್ಳುವುದು. ಹಿಂಬದಿಯ ತಗಡಿನ ಚಪ್ಪರದಡಿ ಆ ಯಂತ್ರ, ಎಮ್ಮೆಯಷ್ಟು ದೊಡ್ಡದು, ಎಮ್ಮೆಯ ಬಣ್ಣದ್ದೇ. ಷಡ್ಡಕ ಅದಕ್ಕೆ ಹ್ಯಾಂಡಲ್ ಹಾಕಿ ತಿರುಗಿಸಿದ. ನನ್ನ ಕಿವಿಗೆ ಬಾಯಿಟ್ಟು ಕೂಗಿದ:

“ಶುರು ಆತು ನೋಡ್ರಿ!”

“ಎಲ್ಲಿ? ಸದ್ದೇ ಇಲ್ಲಲ್ಲ!”

“ಅದಽ ಅದರ ಹೆಚ್ಚುಗಾರಿಕಿ, ಅಣ್ಣಾರ! ಸದ್ದಽ ಇಲ್ಲ!”

ನನಗೆ ಬಹಳ ಸಮಾಧಾನವಾಯಿತು. ಅವ್ವನ ನಿದ್ದೆಗೆ ತೊಂದರೆಯಾಗಬಾರದೆಂದು ದಾರಿಯುದ್ದಕ್ಕೂ ಚಿಂತಿಸಿಕೊಂಡೇ ಬಂದಿದ್ದೆ. ಇನ್ನೇನು ಒಪ್ಪಿಗೆ ಹೇಳಬೇಕು, ಹೆಂಡತಿ ನನ್ನ ಅಂಗಿಯ ತೋಳು ಜಗ್ಗಿದಳು. “ಊಟದ ಹೊತ್ತಾಗೇತಿ. ಮಗ್ಗ ನಿಂದರಲಿ, ತಡೀರಿ.”

ಮಗ್ಗಗಳು ಒಂದೊಂದಾಗಿ ನಿಂತವು. ಕಟ್ಟಕಡೆಯದು ನಿಂತಾಗ ಚಪ್ಪರದಡಿಯಿಂದ ಒಂದು ಗರ್ಜನೆ ಎದ್ದಿತು. ತಗಡು ನಡುಗುತ್ತಿತ್ತು. ಕೆಳಗಿನ ನೆಲ ನಡುಗುತ್ತಿತ್ತು. ಬೀದಿಯ ನಾಯಿಯೊಂದು ಎದ್ದು ದೂರ ಹೋಗಿ ಮಲಗಿತು. ಭೂಕಂಪ ಮರಳಿ ಬಂದರೆ ಹೀಗೇ ಇರುತ್ತದೆ ಎಂದು ನನಗನ್ನಿಸಿತು. ಷಡ್ಡಕ ಮಾತ್ರ ಸೋಲಲಿಲ್ಲ. “ಬಾಜೂಕ ನಾಕು ಮಗ್ಗ ಹಾಕ್ಕೊಂಡ್ರ ಗೊತ್ತಽ ಆಗೂದಿಲ್ರಿ ಅಣ್ಣಾರ,” ಎಂದ.

ವಾಪಸು ಬರುವ ರೈಲಿನಲ್ಲಿ ಹೆಂಡತಿ ಭರೂಚ್ ದಾಟುವವರೆಗೂ ಬಾಯಿಗೆ ಸೆರಗು ಒತ್ತಿಕೊಂಡೇ ನಕ್ಕಳು.

ಆಮೇಲೆ ಅಹಮದಾಬಾದಿಗೆ ಹೋದೆ, ಒಬ್ಬನೇ. ಹಳೇ ಊರಿನ ಒಂದು ಓಣಿಯಲ್ಲಿ ಪಂಪು, ಮೋಟರು, ಜನರೇಟರುಗಳದೇ ಅಂಗಡಿಗಳು. ಒಂದು ಅಂಗಡಿಯ ಹಿರಿಯರು ನನ್ನನ್ನು ಗಾದಿಯ ಮೇಲೆ ಕೂರಿಸಿ ಚಹಾ ತರಿಸಿದರು. ಸೂಟ್‌ಕೇಸಿನಷ್ಟೇ ಇದ್ದ ಒಂದು ಕೆಂಪು ಯಂತ್ರ ತೋರಿಸಿ, “ಸಾಹೇಬ್, ಮಾಖಣ ಛೇ, ಮಾಖಣ,” ಎಂದರು. ಬೆಣ್ಣೆಯಂತೆ ಓಡುತ್ತದೆಯಂತೆ. ಪೆಟ್ರೋಲಿನ ಮೇಲೆ ಶುರುವಾಗಿ ಆಮೇಲೆ ಸೀಮೆಎಣ್ಣೆಯ ಮೇಲೆ ಓಡುವಂಥದು. ಪೂರಾ ಪೆಟ್ರೋಲಿನ ಮೇಲೆ ಓಡುವುದೂ ಇತ್ತು. ಡಬ್ಬಿಗಟ್ಟಲೆ ಪೆಟ್ರೋಲು ಮನೆಯಲ್ಲಿಟ್ಟರೆ ಬೆಂಕಿ ಹತ್ತಿದರೆ ಎಂದು ಅದನ್ನು ಬಿಟ್ಟೆ. ಶಾಕ್ ಹೊಡೆದರೆ? ಸಿಡಿಲು ಬಡಿದರೆ? ಇಲಿ ವೈರು ಕಡಿದರೆ? ನಾನು ಜನರೇಟರ್ ನಡೆಸುವಾಗ ನಮ್ಮ ಮನೆಯ ಕರೆಂಟು ಹಿಂದೆ ಹರಿದು, ಕಂಬದ ಮೇಲೆ ಕೆಲಸ ಮಾಡುತ್ತಿರುವ ಲೈನ್‌ಮನ್ನಿಗೆ ಹೊಡೆದರೆ? ಈ ಕೊನೆಯ ಪ್ರಶ್ನೆಗೆ ಹಿರಿಯರು ಚಹಾದ ಬಸಿ ಕೆಳಗಿಟ್ಟು ನನ್ನನ್ನು ಗೌರವದಿಂದ ನೋಡಿದರು. ಅದಕ್ಕೆ ಚೇಂಜ್‌ಓವರ್ ಸ್ವಿಚ್ ಹಾಕಿಸಬೇಕು, ಕಂಬದ ಕರೆಂಟು ಬೇರೆ, ಯಂತ್ರದ ಕರೆಂಟು ಬೇರೆ ಆಗುತ್ತದೆ, ಇದನ್ನು ಹತ್ತರಲ್ಲಿ ಒಬ್ಬರೂ ಕೇಳುವುದಿಲ್ಲ ಎಂದರು. ನಾನು ಉಬ್ಬಿಹೋದೆ.

ಎಲ್ಲ ಕೇಳಿದೆ. ಹೊಗೆಯೊಂದನ್ನು ಬಿಟ್ಟು.

ಯಂತ್ರ ಕಟ್ಟಿಗೆಯ ಪೆಟ್ಟಿಗೆಯಲ್ಲಿ ಕುಳಿತು ವಡೋದರಾಕ್ಕೆ ಬಂತು. ಎಲೆಕ್ಟ್ರಿಶಿಯನ್ ಬಂದು ಮೀಟರಿನ ಪಕ್ಕ ಚೇಂಜ್‌ಓವರ್ ಸ್ವಿಚ್ ಕೂರಿಸಿ ಹೋದ. ನಮ್ಮದು ಒಂದಕ್ಕೊಂದು ಗೋಡೆ ಅಂಟಿಕೊಂಡ ಸಾಲುಮನೆ. ಹಿಂದೆ ಅಡುಗೆಮನೆಗೆ ಹತ್ತಿಕೊಂಡೇ ಚಾಪೆ ಹಾಸುವಷ್ಟು ಹಿತ್ತಲು. ಅಲ್ಲಿ ಯಂತ್ರವನ್ನಿಟ್ಟು, ಹೆಂಡತಿ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದಳು. ಅವ್ವ ಅಡುಗೆಮನೆಯ ಹೊಸ್ತಿಲ ಮೇಲೆ ಮಣೆ ಹಾಕಿಕೊಂಡು ಕುಳಿತಿದ್ದಳು. ಮಗ ತನಗಾಗಿ ಯಂತ್ರ ತಂದಿದ್ದಾನೆಂದು ಇಳಕಲ್ ಸೀರೆ ಉಟ್ಟಿದ್ದಳು.

ನಾನು ಹಗ್ಗ ಎಳೆದೆ. ಅದು ಕೆಮ್ಮಿ ಸುಮ್ಮನಾಯಿತು. ಮತ್ತೆ ಎಳೆದೆ. ಬೆನ್ನಿನಲ್ಲಿ ಏನೋ ಛಳಕ್ ಎಂದಿತು. ಹೆಂಡತಿ, “ಸರೀರಿ ಅತ್ತ,” ಎಂದು ಸೆರಗು ಸಿಗಿಸಿ ಎಳೆದಳು. ಪಟ ಪಟ ಪಟ ಎಂದು ಶುರುವಾಗಿಬಿಟ್ಟಿತು. ಮಗಳು ಚಪ್ಪಾಳೆ ತಟ್ಟಿದಳು. ಸೀಮೆಎಣ್ಣೆಗೆ ತಿರುಗಿಸಿದೆ. ಯಂತ್ರದ ಹಿಂಬದಿಯಿಂದ ನೀಲಿ ಹೊಗೆ ಎದ್ದು, ಹಿತ್ತಲ ಗೋಡೆಗೆ ಬಡಿದು, ತಿರುಗಿ ನೆಟ್ಟಗೆ ಅಡುಗೆಮನೆಯ ಬಾಗಿಲಿಗೆ ಬಂತು, ಅಲ್ಲಿ ಕುಳಿತಿದ್ದ ಅವ್ವನನ್ನೇ ಹುಡುಕಿಕೊಂಡು ಬಂದ ಹಾಗೆ.

ಅವ್ವನಿಗೆ ಅಂದು ಬಂದ ಉಬ್ಬಸ ಮೇ ತಿಂಗಳಿನದಕ್ಕಿಂತ ಕಡಿಮೆಯದೇನಲ್ಲ. ಅವಳನ್ನು ಎತ್ತಿಕೊಂಡು ಮುಂದಿನ ಕೋಣೆಗೆ ಒಯ್ದು ಗುರುಗುರು ಡಬ್ಬಿ ಹಚ್ಚಿದೆವು. ಪುಣ್ಯಕ್ಕೆ ಕರೆಂಟ್ ಇತ್ತು.

ಮುಖವಾಡ ತೆಗೆದ ಮೇಲೆ ಅವ್ವ ನನ್ನನ್ನೇ ಸಂತೈಸಿದಳು. “ಮಷಿನ್ ಛಲೋ ಐತಿ. ಬಣ್ಣ ಛಂದ ಐತಿ.” ಆಮೇಲೆ, “ತಮ್ಮಾ, ನನ್ನ ಊರಿಗೆ ಬಿಟ್ಟ ಬಾ. ನಿಮ್ಮಕ್ಕನ ಮನಿಯಾಗ ಇರ್ತೀನಿ. ನನ್ನ ಸಲುವಾಗಿ ಇಷ್ಟ ತಾಪತ್ರಯ ಯಾಕ?” ಎಂದಳು.

ಆ ಮಾತು ಸಿಟ್ಟಿನದಾಗಿದ್ದರೆ ನಾನು ಉತ್ತರ ಕೊಡಬಹುದಿತ್ತು. ಅದು ಸಿಟ್ಟಿನದಾಗಿರಲಿಲ್ಲ. ಮೇ ತಿಂಗಳ ನಂತರ ಅವ್ವ ಹೊರಗೆ ಕಾಲಿಡುವುದನ್ನೇ ಬಿಟ್ಟಿದ್ದಳು. ಗುರುಗುರು ಡಬ್ಬಿಯ ವೈರು ಎಷ್ಟುದ್ದವೋ ಅವಳ ಲೋಕ ಅಷ್ಟುದ್ದ. ಗುಜರಾತಿ ಬಾರದು, ಹಿಂದಿ ಬಾರದು, ಮಾತಿಗೊಬ್ಬರಿಲ್ಲ. ಅಕ್ಕನ ಊರಿನಲ್ಲಿ ಕರೆಂಟಿನ ಪಾಡು ಇಲ್ಲಿಗಿಂತ ಕೆಟ್ಟದ್ದು, ಆಸ್ಪತ್ರೆಗೆ ಹೋಗಲು ಬಸ್ಸು ಹಿಡಿಯಬೇಕು. ಆದರೂ ಹೋಗುತ್ತೇನೆಂದಳು. ಅಂದರೆ ಉಸಿರಿಗಿಂತ ದೊಡ್ಡದೇನೋ ಇಲ್ಲಿ ಅವಳಿಗೆ ಕಡಿಮೆ ಬಿದ್ದಿತ್ತು. ನನಗದು ಆಗ ಅರ್ಥವಾಗಲಿಲ್ಲ. ನಾನು ಹೊಗೆಯ ಬಗ್ಗೆ ಚಿಂತಿಸಿದೆ.

ಯಂತ್ರವನ್ನು ಹಳೇ ಚಾದರ ಹೊದಿಸಿ ಹಿತ್ತಲಲ್ಲಿ ಬಿಟ್ಟಿದ್ದೆ. ದೀಪಾವಳಿ ಕಳೆದು ಚಳಿ ಶುರುವಾಗಿತ್ತು. ಹಿತ್ತಲಿನ ಯಾವ ಮೂಲೆಯಲ್ಲಿಟ್ಟರೆ ಹೊಗೆ ಮನೆಯಿಂದಾಚೆಗೆ ಹೋಗುತ್ತದೆ ಎಂದು ಕಂಡುಕೊಳ್ಳಬೇಕಿತ್ತು. ಅದಕ್ಕೆ ಊದುಬತ್ತಿ ಹಚ್ಚಿಕೊಂಡೆ. ಒಂದೊಂದು ಮೂಲೆಯಲ್ಲಿ ನಿಂತು, ಕೈ ಮುಂದೆ ಚಾಚಿ, ಹೊಗೆ ಎತ್ತ ಬಾಗುತ್ತದೆಂದು ನೋಡುತ್ತ ನಿಲ್ಲುವುದು. ಗಾಳಿ ದಿನದ ಹೊತ್ತಿಗೆ ತಕ್ಕಂತೆ ಬದಲಾಗುತ್ತದಲ್ಲ, ಹಾಗಾಗಿ ಬೆಳಿಗ್ಗೆಯೂ ಸಂಜೆಯೂ ನೋಡುವುದು. ನಮ್ಮ ಹಿತ್ತಲಲ್ಲಿ ಎಲ್ಲಿ ನಿಂತರೂ ಹೊಗೆ ಗೋಡೆಗೆ ಬಡಿದು ಅಡುಗೆಮನೆಗೇ ತಿರುಗುತ್ತಿತ್ತು. ಆದರೂ ಬಿಡಲಿಲ್ಲ.

ನಮ್ಮ ಪಕ್ಕದ್ದು ಸಾಲಿನ ಕೊನೆಯ ಮನೆ. ಅದರ ಬದಿಗೆ ಉದ್ದಕ್ಕೆ ಖಾಲಿ ಜಾಗ, ಅದರ ತುದಿಗೊಂದು ಬೇವಿನ ಮರ. ಆ ಮನೆಯ ಹಿರಿಯಾಕೆಯನ್ನು ಓಣಿಯವರೆಲ್ಲ ‘ಬಾ’ ಎನ್ನುತ್ತಿದ್ದರು, ಗುಜರಾತಿಯಲ್ಲಿ ಅವ್ವ ಎಂದ ಹಾಗೆ. ಅರವತ್ತು ದಾಟಿದ ಗಟ್ಟಿ ಹೆಂಗಸು. ಮಗ ಸೊಸೆ ಕೆಲಸಕ್ಕೆ ಹೋದರೆ ಹಗಲೆಲ್ಲ ಒಬ್ಬರೇ ಹಜಾರದ ತೂಗುಮಣೆಯ ಮೇಲೆ ಕುಳಿತಿರುತ್ತಿದ್ದರು. ನನ್ನ ಮೂರನೆಯ ದಿನದ ಊದುಬತ್ತಿಗೆ ಅವರು ಗೋಡೆಯ ಮೇಲಿಂದ ಇಣುಕಿದರು. ನಾನು ಕಣ್ಣು ಕಿರಿದು ಮಾಡಿ ಹೊಗೆಯನ್ನೇ ನೋಡುತ್ತಿದ್ದೆ. ಅವರಿಗದು ಧ್ಯಾನದಂತೆ ಕಂಡಿರಬೇಕು. ಸದ್ದು ಮಾಡದೆ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ತಲೆಯ ಮೇಲೆ ಸೆರಗು ಹೊದ್ದು, ಕೈಯಲ್ಲಿ ಪುಟ್ಟ ಗಂಟೆ, ಕುಂಕುಮದ ಬಟ್ಟಲು ಹಿಡಿದು ನಮ್ಮ ಮುಂಬಾಗಿಲಿನಿಂದ ಬಂದು ನನ್ನ ಹಿಂದೆ ನಿಂತರು. ನಾನು ಮುಂದಿನ ಮೂಲೆಗೆ ಹೋದೆ. ಅವರು ಗಂಟೆ ಬಾರಿಸುತ್ತ ಹಿಂಬಾಲಿಸಿದರು.

ಶಾಲೆಯಿಂದ ಬಂದ ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು, “ಪಪ್ಪಾ, ಏನ್ ನಡದೈತಿ?” ಎಂದಳು.

“ಗಾಳಿ ನೋಡಾಕತ್ತೇನಿ.”

“ಬಾ ಪೂಛ್ತಾರ, ನಿಮ್ಮ ಕಡೆ ಮಷಿನ್ ಪೂಜಾ ಎಷ್ಟ ದಿನ ಮಾಡ್ತೀರಿ ಅಂತ. ಮೂರು ದಿನಾ ಆತಲ್ಲ ಅಂತಾರ.”

ನಮ್ಮ ಮಗಳ ಕನ್ನಡ ಹಾಗೆ. ಹಿಂದಿಯ ಕಾಳಿಗೆ ಕನ್ನಡದ ಒಗ್ಗರಣೆ. ನಾನು ಊದುಬತ್ತಿಯನ್ನು ಬೆನ್ನ ಹಿಂದೆ ಬಚ್ಚಿಟ್ಟು, ಯಂತ್ರ, ಹೊಗೆ, ಅವ್ವನ ಎದೆ, ಎಲ್ಲವನ್ನೂ ಹೇಳಿದೆ. ಬಾ ಅವರಿಗೆ ಹಿಂದಿ ಬಾರದು, ನನ್ನ ಗುಜರಾತಿ ಅಷ್ಟಕ್ಕಷ್ಟೆ, ಹಾಗಾಗಿ ಮಗಳು ಗುಜರಾತಿಗೆ ತಿರುಗಿಸಿದಳು. ಅವಳು ಇನ್ನೂ ಏನೇನು ಸೇರಿಸಿದಳೋ, ಬಾ ಗಂಟೆಯನ್ನು ಎದೆಗೊತ್ತಿಕೊಂಡು ನಕ್ಕರು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಒಳಗಿನಿಂದ ಇನ್ನೊಂದು ನಗು ಕೇಳಿಸಿತು. ಅವ್ವ ಹೊಸ್ತಿಲಲ್ಲಿ ನಿಂತಿದ್ದಳು. ಅವಳು ನಕ್ಕು ಎಷ್ಟು ದಿನವಾಗಿತ್ತೆಂದು ನನಗೆ ಆಗ ಹೊಳೆಯಿತು.

ಬಾ ನಗು ಒರೆಸಿಕೊಂಡು ಗೋಡೆಯಾಚೆ ಬೆರಳು ತೋರಿಸಿದರು. ಯಂತ್ರ ತಮ್ಮ ಬೇವಿನ ಮರದ ಕೆಳಗಿರಲಿ, ಅಲ್ಲಿಂದಾಚೆ ಬಯಲು, ಹೊಗೆ ಯಾರ ಮೂಗಿಗೂ ಬರುವುದಿಲ್ಲ. ಆದರೆ ಒಂದು ಷರತ್ತು. ಮಧ್ಯಾಹ್ನ ಕರೆಂಟ್ ಹೋದರೆ ತಮ್ಮ ಟಿ.ವಿ. ಧಾರಾವಾಹಿ ತಪ್ಪುತ್ತದೆ, ಆದ್ದರಿಂದ ಯಂತ್ರದಿಂದ ತಮ್ಮ ಹಜಾರಕ್ಕೂ ಒಂದು ಪ್ಲಗ್ ಹಾಕಿಸಿಕೊಡಬೇಕು. “ಮತ್ತ,” ಎಂದಳು ಮಗಳು, “ಧಾರಾವಾಹಿ ಅಕೇಲೆ ನೋಡಾಕ ಬೋರ್ ಆಗತೈತಂತ. ಅಜ್ಜಿನ್ನ ದಿನಾ ಕಳಸಬೇಕಂತ.”

“ನಂಗ ಅವರ ಮಾತು ತಿಳಿಯೂದಿಲ್ಲಲ್ಲಬೇ,” ಎಂದಳು ಅವ್ವ.

ಮಗಳು ಕೇಳಿ ಹೇಳಿದಳು: “ಧಾರಾವಾಹಿ ಹಿಂದೀದೈತಿ, ಬಾಗೂ ತಿಳಿಯೂದಿಲ್ಲಂತ.”

ಮರುದಿನವೇ ಯಂತ್ರ ಗೋಡೆ ದಾಟಿತು. ಎಲೆಕ್ಟ್ರಿಶಿಯನ್ ಮತ್ತೆ ಬಂದು, ಬೇವಿನ ಮರದಿಂದ ಗೋಡೆಯ ಮೇಲೆ ಹಾಯಿಸಿ ನಮ್ಮ ಸ್ವಿಚ್ಚಿನವರೆಗೆ ಕೇಬಲ್ ಎಳೆದ. ಬಾ ಅವರ ತೂಗುಮಣೆಯ ಪಕ್ಕ ಒಂದು ಪ್ಲಗ್ ಕೂರಿಸಿದ. ಯಂತ್ರಕ್ಕೆ ಮಳೆಬಿಸಿಲು ತಾಗದಂತೆ ಮೇಲೊಂದು ತಗಡಿನ ಸೂರು ಬಂತು. ಬಾ ತಮ್ಮ ಕೈಯಾರೆ ಅದರ ಹೊಟ್ಟೆಯ ಮೇಲೆ ಕುಂಕುಮದ ಸ್ವಸ್ತಿಕ ಬರೆದರು. ಶುರು ಮಾಡಿ ತೋರಿಸು ಎಂದರು. ನಾನು ಎಳೆದೆ. ಅದು ಎಂದಿನಂತೆ ಕೆಮ್ಮಿತು. ಬಾ ನನ್ನನ್ನು ಬದಿಗೆ ಸರಿಸಿ, ಸೀರೆಯನ್ನು ಮೊಣಕಾಲವರೆಗೆ ಎತ್ತಿ ಸಿಗಿಸಿ, ಹಗ್ಗ ಹಿಡಿದರು. ಒಂದೇ ಜಗ್ಗು. ಆಮೇಲೆ ಎರಡೂ ಕೈಯಿಂದ ಗಾಳಿಯಲ್ಲಿ ಹಿಂದೆ ಮುಂದೆ ಎಳೆದು ಅವ್ವನಿಗೆ ಏನೋ ಅಭಿನಯಿಸಿ ತೋರಿಸಿದರು. ಯಾರೂ ತರ್ಜುಮೆ ಮಾಡಲಿಲ್ಲ. ಅವ್ವನೇ ಹೇಳಿದಳು, “ಮಜ್ಜಗಿ ಕಡದ ಕೈ ಅಂತ. ನೀ ಎಂದರ ಕಡದೀ ಏನು? ನಿನ್ನ ಕೈಲಿ ಹೆಂಗಾಗಬೇಕು?”

ಹೀಗೆ ಅವ್ವ ಹೊರಗೆ ಕಾಲಿಟ್ಟಳು. ಮಧ್ಯಾಹ್ನದ ಊಟವಾದ ಮೇಲೆ ಗುರುಗುರು ಡಬ್ಬಿಯನ್ನು ಬಟ್ಟೆಯ ಚೀಲದಲ್ಲಿಟ್ಟುಕೊಂಡು ಪಕ್ಕದ ಮನೆಗೆ ಹೊರಡುತ್ತಿದ್ದಳು. “ಎಲ್ಲಿಗಬೇ?” ಎಂದರೆ, “ಮಷಿನ್ ನೋಡಿ ಬರ್ತೀನಿ,” ಎನ್ನುತ್ತಿದ್ದಳು. ಯಂತ್ರದ ಹತ್ತಿರ ಅವಳು ಒಮ್ಮೆಯೂ ಹೋದದ್ದನ್ನು ನಾನು ಕಾಣೆ. “ಬೇಸೋ ಬೆನ್, ಬೇಸೋ,” ಎಂದು ಕೂಡಲು ಕರೆದು ಬಾ ತೂಗುಮಣೆಯ ಮೇಲೆ ಜಾಗ ಬಿಡುತ್ತಿದ್ದರು. ಇಬ್ಬರೂ ತೊಗರಿಕಾಯಿ ಸುಲಿಯುತ್ತ ಧಾರಾವಾಹಿಯ ಸೊಸೆಯರನ್ನು ತಮ್ಮ ತಮ್ಮ ಭಾಷೆಯಲ್ಲಿ ಬೈಯುತ್ತಿದ್ದರು. ರಜೆಯ ದಿನ ಒಮ್ಮೆ ಗೋಡೆಗೆ ಕಿವಿಗೊಟ್ಟು ಕೇಳಿದೆ. ಅವ್ವ ಧಾರವಾಡದ ನಮ್ಮ ಹಳೇ ಮನೆಯ ಬಾಡಿಗೆದಾರನ ಕಥೆ ಹೇಳುತ್ತಿದ್ದಳು, ಕನ್ನಡದಲ್ಲೇ, ಪೂರ್ತಿ. ಬಾ ನಡುನಡುವೆ “ಹಾಯ್ ಹಾಯ್” ಎನ್ನುತ್ತಿದ್ದರು. ಸರಿಯಾದ ಜಾಗದಲ್ಲೇ ಎನ್ನುತ್ತಿದ್ದರು.

ಆದರೂ ಒಂದು ಭಯ ಉಳಿದೇ ಇತ್ತು. ಈ ಏರ್ಪಾಡೆಲ್ಲ ನಿಜವಾದ ಉಬ್ಬಸ, ನಿಜವಾದ ಕರೆಂಟ್ ಕಡಿತ ಎರಡೂ ಒಟ್ಟಿಗೆ ಬಂದಾಗ ನಿಲ್ಲುತ್ತದೆಯೇ? ಅವ್ವ ಊರಿನ ಮಾತನ್ನು ಕೈಬಿಟ್ಟಿರಲಿಲ್ಲ, “ಸಂಕ್ರಾಂತಿ ಆಗಲಿ, ಆಮ್ಯಾಲೆ ನೋಡೂಣು,” ಎಂದಿದ್ದಳು ಅಷ್ಟೆ. ಅವು ಒಟ್ಟಿಗೆ ಬಂದದ್ದೂ ಸಂಕ್ರಾಂತಿಯಂದೇ.

ಅಲ್ಲಿ ಅದು ಗಾಳಿಪಟದ ಹಬ್ಬ. ಇಡೀ ಊರು ಮಾಳಿಗೆಯ ಮೇಲಿರುತ್ತದೆ. ಪ್ರತಿ ಮಾಳಿಗೆಗೂ ಒಂದು ಸ್ಪೀಕರು. ಹೆಂಡತಿ ಮಗಳು ನಮ್ಮ ಮಾಳಿಗೆಯ ಮೇಲಿದ್ದರು, ಅವ್ವ ಬಾ ಜೊತೆ ತೂಗುಮಣೆಯ ಮೇಲೆ. ಆ ಹಬ್ಬದಲ್ಲಿ ಗಂಡಸರಿಗೊಂದು ಕೆಲಸವಿರುತ್ತದೆ, ಊಂಧಿಯೂ ಎಂಬ ಪಲ್ಯ ಮತ್ತು ಜಲೇಬಿಯ ಅಂಗಡಿಯ ಮುಂದೆ ಸಾಲು ನಿಲ್ಲುವುದು. ನಾನು ಸ್ಕೂಟರಿನಲ್ಲಿ ಹೋಗಿದ್ದೆ. ಗಾಳಿಪಟದ ಗಾಜಿನ ದಾರ ಕುತ್ತಿಗೆ ಕೊಯ್ಯುತ್ತದೆಂದು ಹೆಲ್ಮೆಟ್ಟಿನ ಕೆಳಗೆ ಎರಡು ಮಫ್ಲರ್ ಸುತ್ತಿಕೊಂಡಿದ್ದೆ. ಸಾಲಿನಲ್ಲಿದ್ದವರು ನಾನು ಅಂಗಡಿ ದೋಚಲು ಬಂದವನೆಂಬಂತೆ ಜಾಗ ಬಿಟ್ಟರು.

ಇನ್ನೇನು ನನ್ನ ಸರದಿ ಎನ್ನುವಾಗ ಅಂಗಡಿಯ ದೀಪಗಳು ಆರಿದವು. ಹೊರಗೆ ಎಲ್ಲೋ ಗಾಳಿಪಟದ ದಾರ ವಿದ್ಯುತ್ ತಂತಿಗೆ ಸುತ್ತಿಕೊಂಡಿರಬೇಕು. ನಾನು ಪಲ್ಯ, ಜಲೇಬಿ ಎಲ್ಲ ಬಿಟ್ಟು ಓಡಿ ಸ್ಕೂಟರ್ ಹತ್ತಿದೆ. ದಾರಿಯುದ್ದಕ್ಕೂ ನಾನು ಕಂಡದ್ದು ಮೇ ತಿಂಗಳ ಆ ರಿಕ್ಷಾ, ಕಿವಿಯವರೆಗೆ ಏರುವ ಆ ಹೆಗಲು. ಬೆಳಿಗ್ಗೆಯಿಂದ ಓಣಿಯ ಮಕ್ಕಳು ಕಸಕಡ್ಡಿ ಒಟ್ಟಿ ಬೆಂಕಿ ಹಾಕಿ ಚಳಿ ಕಾಯಿಸಿಕೊಳ್ಳುತ್ತಿದ್ದರು, ಅವ್ವನಿಗೆ ಉಬ್ಬಸ ಬರಲು ಆ ಹೊಗೆ ಸಾಲದೇ? ಹೆಂಡತಿಗೆ ಮಾಳಿಗೆಯ ಮೇಲೆ ಕೇಳಿಸೀತೇ? ಮೆಟ್ಟಿಲಿಳಿದು, ಗೋಡೆ ಸುತ್ತಿ, ಮರದವರೆಗೆ ಹೋಗಿ, ಹಗ್ಗ ಎಳೆದು...

ನಮ್ಮ ಓಣಿಯ ತಿರುವಿನಲ್ಲಿ ಸ್ಕೂಟರ್ ಆರಿಸಿದರೆ ಒಂದು ವಿಚಿತ್ರ ನಿಶ್ಶಬ್ದವಿತ್ತು. ಸ್ಪೀಕರುಗಳೆಲ್ಲ ಸತ್ತಿದ್ದವು. ಮಾಳಿಗೆಗಳ ಮೇಲೆ ಜನ ಏನು ಮಾಡಬೇಕೆಂದು ತೋಚದೆ ನಿಂತಿದ್ದರು. ಆ ನಿಶ್ಶಬ್ದದಲ್ಲಿ, ಸಾಲಿನ ಕೊನೆಯ ಮನೆಯ ಬೇವಿನ ಮರದ ಕಡೆಯಿಂದ, ಪಟ ಪಟ ಪಟ ಪಟ ಎಂದು ಒಂದೇ ಸಮನೆ ಸದ್ದು ಬರುತ್ತಿತ್ತು.

ಬಾ ಅವರ ಗೇಟಿನಲ್ಲಿ ನಿಂತೆ. ಅವ್ವ ತೂಗುಮಣೆಯ ಮೇಲಿದ್ದಳು. ಮುಖವಾಡ ಹಾಕಿಕೊಂಡಿದ್ದಳು, ಗುರುಗುರು ಡಬ್ಬಿ ಹೊಸ ಪ್ಲಗ್ಗಿಗೆ ಸಿಕ್ಕಿಕೊಂಡು ಗುರುಗುರು ಎನ್ನುತ್ತಿತ್ತು. ಬಾ ಪಕ್ಕದಲ್ಲಿ, ಸೀರೆ ಇನ್ನೂ ಮೊಣಕಾಲಿಗೆ ಸಿಗಿಸಿದ್ದಂತೆಯೇ ಕುಳಿತು, ಒಂದು ಕೈ ಅವ್ವನ ಬೆನ್ನ ಮೇಲಿಟ್ಟು, ಕಾಲಿನಿಂದ ತೂಗುಮಣೆಯನ್ನು ಮೆಲ್ಲಗೆ ಮೀಟುತ್ತಿದ್ದರು. ಮಣೆ ಹಿಂದೆ ಹೋದಾಗ ಅವ್ವ ಉಸಿರೆಳೆಯುವಳು, ಮುಂದೆ ಬಂದಾಗ ಬಿಡುವಳು. ಪಂಪಿಗೆ ಎಂದೂ ಕೂಡದ ತಾಳ ಇಲ್ಲಿ ಕೂಡಿತ್ತು. ಟಿ.ವಿ. ಆಫ್ ಆಗಿತ್ತು. ಅದರ ಪ್ಲಗ್ ಕಿತ್ತು ನೆಲದ ಮೇಲೆ ಎಸೆದಿದ್ದರು.

ನಾನು ಒಳಗೆ ಹೋಗಲಿಲ್ಲ. ಹೋದರೆ ಆ ತೂಗು ನಿಂತುಹೋದೀತೆಂದು ಚಿಂತೆಯಾಯಿತು.

ಅವ್ವನೇ ನೋಡಿದಳು. ಮುಖವಾಡವನ್ನು ಗಲ್ಲಕ್ಕೆ ಸರಿಸಿ, “ಯಾರಂವಾ?” ಎಂದು ಕಣ್ಣು ಕಿರಿದು ಮಾಡಿದಳು. “ನೀನೇನು? ಕಳ್ಳನ ಹಂಗ ಯಾಕ ನಿಂತೀಯೋ? ಆ ಗಡಿಗಿ ತಲಿಯಿಂದ ತಗಿ.” ಮುಖವಾಡ ಮತ್ತೆ ಏರಿಸಿಕೊಂಡಳು, ಮತ್ತೆ ಇಳಿಸಿದಳು. “ಜಿಲೇಬಿ ಎಲ್ಲಿ?”

ಜಲೇಬಿ ಇರಲಿಲ್ಲ. ಬಾ ನನ್ನ ಖಾಲಿ ಕೈ ನೋಡಿ ಅವ್ವನಿಗೆ ಏನೋ ಹೇಳಿದರು. ಅವ್ವ ಕನ್ನಡದಲ್ಲಿ ಉತ್ತರ ಕೊಟ್ಟಳು. “ಹೂಂ, ಹುಟ್ಟಾ ಹಿಂಗಽ ಇವಾ.” ಇಬ್ಬರೂ ನನ್ನನ್ನು ನೋಡಿ ನಕ್ಕರು.

ಮರುದಿನ ಬೆಳಿಗ್ಗೆ ಎಚ್ಚರವಾದಾಗ ಅಡುಗೆಮನೆಯಿಂದ ಸದ್ದೇ ಇರಲಿಲ್ಲ. ಲುಂಗಿ ಕಟ್ಟಿಕೊಳ್ಳುತ್ತ ಓಡಿದೆ. ಒಲೆ ಆರಿತ್ತು. ಅವ್ವನ ಮಣೆ ಖಾಲಿ. ಹೆಂಡತಿ ಹಾಲು ಕಾಯಿಸಲಿಕ್ಕೆ ಪಾತ್ರೆ ತೊಳೆಯುತ್ತಿದ್ದಳು.

“ಅವ್ವ ಎಲ್ಲಿ?”

“ಒಂದ ಗಳಿಗಿ ಸುಮ್ನ ನಿಂದರ್ರಿ. ಗೋಡಿ ಕಡೆ ಕಿವಿ ಕೊಡ್ರಿ.”

ಗೋಡೆಯಾಚೆಯಿಂದ ಪಟ ಪಟ ಸದ್ದು ಬರುತ್ತಿತ್ತು. ಒಂದಲ್ಲ, ಎರಡು. ಹಬ್ಬದ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯನ್ನು ಅವ್ವ ಹಲಗೆಯ ಮೇಲೆ ಬಡಿಯುತ್ತಿದ್ದಳು, ಅದೇ ಸಜ್ಜೆಯ ರೋಟ್ಲೊವನ್ನು ಬಾ ಎರಡು ಅಂಗೈ ನಡುವೆ ತಟ್ಟುತ್ತಿದ್ದರು. ಒಂದು ದಪ್ಪನೆಯ ಸದ್ದು, ಒಂದು ತೆಳ್ಳನೆಯದು. ಅವ್ವನ ಸದ್ದು ಥಟ್ಟನೆ ನಿಂತಿತು. ನಾನು ಗೋಡೆಗೆ ಕಿವಿ ಒತ್ತಿದೆ. ಆಮೇಲೆ ಬಾ ಅವರದೂ ನಿಂತಿತು. ಎರಡೂ ನಿಂತ ಜಾಗದಲ್ಲಿ ನಗು ಕೇಳಿಸಿತು. ಮತ್ತೆ ಪಟ ಪಟ ಶುರುವಾಯಿತು.

“ಸಂಕ್ರಾಂತಿ ಆತಲ್ಲ,” ಎಂದೆ ನಾನು, ದನಿ ತಗ್ಗಿಸಿ. “ಊರಿಗೆ ಹೋಗೂದರ ಬಗ್ಗೆ ಏನರ ಅಂದ್ಲೇನು?”

“ಅಂದ್ರು,” ಎಂದಳು ಹೆಂಡತಿ. “ಇಲ್ಲಿ ಮಷಿನ್ ನೋಡಿಕೊಳ್ಳೋರು ಯಾರೂ ಇಲ್ಲಂತ. ಹೋಗಾಕ ಆಗೂದಿಲ್ಲಂತ.”

ಆಮೇಲೆ ನನ್ನನ್ನು ನೋಡಿ ಕೇಳಿದಳು, “ನೀವ್ಯಾಕ ಓಡಿ ಬಂದ್ರಿ?”

ನಾನು ತಂಬಿಗೆ ಎತ್ತಿಕೊಂಡು ನೀರು ಕುಡಿದೆ.